ಪಿಸಿಗೊಂದೇ ಇಮೇಜ್ ಸಾಕು, ಎಸ್‌ಬಿಸಿಗೆ ಮಾತ್ರ ಬೋರ್ಡಿಗೊಂದು, ಯಾಕೆ?

ಪಿಸಿ ಆದ್ರೆ ಯಾವ ಕಂಪನಿದೇ ಆಗಿರ್ಲಿ, ಉಬುಂಟು ಇಮೇಜ್ (ಇಡೀ ಓಎಸ್ ತುಂಬಿದ ಒಂದು ಫೈಲ್) ಬರೆದಿರೋ ಪೆನ್‌ಡ್ರೈವ್ ಚುಚ್ಚಿದ್ರೆ ಸಾಮಾನ್ಯವಾಗಿ ಬೂಟ್ ಆಗತ್ತೆ. ಸಿಂಗಲ್ ಬೋರ್ಡ್ ಕಂಪ್ಯೂಟರಲ್ಲಿ (ಎಸ್‌ಬಿಸಿ, ಇಡೀ ಕಂಪ್ಯೂಟರ್ ಒಂದೇ ಬೋರ್ಡ್ ಮೇಲೆ) ಆ ಸುಖ ಇಲ್ಲ, ಒಂದು ಬೋರ್ಡಿನ ಎಸ್‌ಡಿ ಕಾರ್ಡ್ ತೆಗೆದು ಇನ್ನೊಂದಕ್ಕೆ ಹಾಕಿದ್ರೆ ಎಷ್ಟೋ ಸಲ ಸ್ಕ್ರೀನಲ್ಲಿ ಏನೂ ಬರಲ್ಲ. ಪಿಸೀಲಿ ಒಳಗೆ ಏನೇನಿದೆ ಅಂತ ಕರ್ನಲ್ಲು (ಓಎಸ್ಸಿನ ತಿರುಳು) ಫರ್ಮ್‌ವೇರನ್ನೋ ಪಿಸಿಐ ಬಸ್ಸನ್ನೋ ಕೇಳಿ ತಿಳ್ಕೊಳತ್ತೆ. ಆರ್ಮ್ ಪ್ರೊಸೆಸರಿನ ಸಣ್ಣ ಬೋರ್ಡುಗಳಲ್ಲಿ ಸೀರಿಯಲ್ ಪೋರ್ಟ್ ಯಾವ ಅಡ್ರೆಸ್ಸಲ್ಲಿದೆ, ಎಲ್‌ಇಡಿ ಯಾವ ಪಿನ್ನಿಗಿದೆ ಅಂತ ಕೇಳೋ ದಾರೀನೇ ಇಲ್ಲ, ಯಾರಾದ್ರೂ ಮೊದಲೇ ಬರೆದಿಟ್ಟಿರ್ಬೇಕು.

ಮುಂಚೆ ಅದನ್ನ ಕರ್ನಲ್ ಒಳಗೇ ಬೋರ್ಡಿಗೊಂದು ಸಿ ಫೈಲ್ ಮಾಡಿ ಬರೀತಿದ್ರು. 2011ರಲ್ಲಿ ಲಿನಕ್ಸ್ ಕರ್ನಲ್ ಶುರು ಮಾಡಿದ ಲೀನಸ್ ಟೊರ್ವಾಲ್ಡ್ಸ್ ಈ ಆರ್ಮ್ ಗೊಂದಲ ನೋಡಿ ರೇಗಿದ್ಮೇಲೆ ಡಿವೈಸ್ ಟ್ರೀ ಕಡೆ ಹೋಗೋ ಕೆಲಸ ಜೋರಾಯ್ತು, ಅಂದ್ರೆ ಹಾರ್ಡ್‌ವೇರ್ ವಿವರ ಬೇರೆ ಫೈಲಲ್ಲಿ, ಕರ್ನಲ್ಲನ್ನ ಎಬ್ಬಿಸೋ ಬೂಟ್‌ಲೋಡರ್ ಅದನ್ನ ಕರ್ನಲ್‌ಗೆ ಕೊಡತ್ತೆ.

ಈ ಬದಲಾವಣೆ ನಡೀತಿರೋವಾಗ್ಲೇ 2012ರ ಫೆಬ್ರವರಿ 29ಕ್ಕೆ ರಾಸ್ಪ್‌ಬೆರಿ ಪೈ ಅನ್ನೋ ಬೋರ್ಡ್ ಬಂತು. ಅದ್ರ ಪ್ರೊಸೆಸರ್ ಆರ್ಮ್‌ವಿ6, 700 ಮೆಗಾಹರ್ಟ್ಜ್. ಡೆಬಿಯನ್ ಅನ್ನೋ ಲಿನಕ್ಸಿನ ಹೊಸ ಆರ್ಮ್ ಆವೃತ್ತಿ ಆರ್ಮ್‌ಎಚ್‌ಎಫ್‌ಗೆ ಮುಂದಿನ ಪೀಳಿಗೆಯ ಆರ್ಮ್‌ವಿ7 ಬೇಕಿತ್ತು, ಪೈ ಮೇಲೆ ಅದನ್ನ ಓಡಿಸಿದ್ರೆ ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಅಂತ ನಿಂತೋಗತ್ತೆ. ಹಳೇ ಆವೃತ್ತಿ ಆರ್ಮೆಲ್ ಓಡ್ತಿತ್ತು, ಆದ್ರೆ ಅದು ಸಾಫ್ಟ್ ಫ್ಲೋಟು, ದಶಮಾಂಶದ ಲೆಕ್ಕ ಎಲ್ಲ ಸಾಫ್ಟ್‌ವೇರಲ್ಲೇ ನಡೆದು ಚಿಪ್ಪಲ್ಲಿದ್ದ ಫ್ಲೋಟಿಂಗ್ ಪಾಯಿಂಟ್ ಯೂನಿಟ್ ಸುಮ್ನೆ ಕೂತಿರೋದು. ಆಗ ಮೈಕ್ ಥಾಂಪ್ಸನ್, ಪೀಟರ್ ಗ್ರೀನ್ ಸೇರಿ ಡೆಬಿಯನ್ನಿನ ಸಾವಿರಾರು ಪ್ಯಾಕೇಜುಗಳನ್ನ ಆರ್ಮ್‌ವಿ6 ಹಾರ್ಡ್ ಫ್ಲೋಟಿಗೆ ಮತ್ತೆ ಕಂಪೈಲ್ ಮಾಡಿ ರಾಸ್ಪ್‌ಬಿಯನ್ ಕೊಟ್ರು. ಪೈ ಗೆದ್ದಿದ್ದಕ್ಕೆ ಬೆಲೆಯಷ್ಟೇ ಈ ಕೆಲಸಾನೂ ಕಾರಣ ಅಂತ ನಾನು ನಂಬ್ತೀನಿ, ಅವರಿಗೆ ಸಿಗ್ಬೇಕಾದಷ್ಟು ಹೆಸರು ಸಿಕ್ಕಿಲ್ಲ. ಎಲ್ಲಾ ಪೈಗಳಿಗೂ ಒಂದೇ ಇಮೇಜ್ ಅನ್ನೋ ಹಠದಿಂದ್ಲೇ 2016ರ ಪೈ 3 64 ಬಿಟ್ ಆಗಿದ್ರೂ ಅಧಿಕೃತ 64 ಬಿಟ್ ಓಎಸ್ ಬೀಟಾ ದಾಟಿ ಬಂದಿದ್ದು 2022ರ ಫೆಬ್ರವರೀಲಿ.

ಆಲ್‌ವಿನ್ನರ್ ಚಿಪ್ಪಿನ ಅಗ್ಗದ ಬೋರ್ಡುಗಳ ಕತೆ ಬೇಜಾರಿಂದು. ಆಂಡ್ರಾಯ್ಡಿಗೆ ಅಂತ ಮಾಡಿದ್ದ 3.4 ಕರ್ನಲ್ಲನ್ನೇ ಲಿನಕ್ಸ್ ಇಮೇಜಿಗೂ ತುರುಕಿ ಕಂಪನಿಯವರು ಕೈತೊಳ್ಕೊಂಡ್ರು. ಮೇನ್‌ಲೈನ್, ಅಂದ್ರೆ ಲಿನಕ್ಸಿನ ಮೂಲ ಕರ್ನಲ್, ಮುಂದೆ ಹೋಗ್ತಾನೇ ಇತ್ತು, ಬೋರ್ಡ್ ಮಾತ್ರ ಅಲ್ಲೇ ಉಳೀತು. ಆಲ್‌ವಿನ್ನರ್ ಚಿಪ್ಪಿಗಾಗಿ ದುಡಿಯೋ ಲಿನಕ್ಸ್-ಸಂಕ್ಸಿ ಸಮುದಾಯದವರು ಡ್ರೈವರ್‌ಗಳನ್ನ ಒಂದೊಂದಾಗಿ ಬರೆದು ಮೇನ್‌ಲೈನಿಗೆ ಸೇರಿಸಿದ್ರು, ಆರ್ಂಬಿಯನ್ ಅನ್ನೋ ಪ್ರಾಜೆಕ್ಟ್ ಅವನ್ನ ಇಮೇಜ್ ಮಾಡಿ ಕೊಡ್ತು. ಮಾಲಿ ಅನ್ನೋ ಜಿಪಿಯುಗೆ (ಗ್ರಾಫಿಕ್ಸ್ ಭಾಗ) ಲಿಮಾ, ಪ್ಯಾನ್‌ಫ್ರಾಸ್ಟ್ ಡ್ರೈವರ್‌ಗಳು 2019ರಲ್ಲಿ 5.2 ಕರ್ನಲ್‌ಗೆ ಸೇರೋವರೆಗೂ ಕಂಪನಿಯ ಮುಚ್ಚಿದ ಬೈನರೀನೇ ಗತಿ ಆಗಿತ್ತು.

ಬೀಗಲ್‌ಬೋನ್ ಬ್ಲ್ಯಾಕ್ ಅನ್ನೋ ಬೋರ್ಡ್ 2013ರಲ್ಲಿ ಆಂಗ್‌ಸ್ಟ್ರಾಮ್ ಲಿನಕ್ಸ್ ಜೊತೆ ಬಂದು ಮುಂದಿನ ವರ್ಷಾನೇ ಡೆಬಿಯನ್ನಿಗೆ ಹಾರ್ತು. 2015ರಲ್ಲಿ ಪೈ 2ಗೆ ಬಂದ ವಿಂಡೋಸ್ 10 ಐಓಟಿ ಕೋರ್ ಪೈ 4ಗೆ ಬರ್ಲೇ ಇಲ್ಲ. ಲಿನಕ್ಸ್ ಅಲ್ಲದ ನೆಟ್‌ಬಿಎಸ್‌ಡಿ, ಫ್ರೀಬಿಎಸ್‌ಡಿ, ರಿಸ್ಕ್ ಓಎಸ್ ಈಗ್ಲೂ ಇವೆ. ಪ್ರಾಡಕ್ಟ್ ಮಾಡೋರು ಯೋಕ್ಟೋ ಅಥ್ವಾ ಬಿಲ್ಡ್‌ರೂಟ್ ಅನ್ನೋ ಟೂಲಲ್ಲಿ ತಮಗೆ ಬೇಕಾದಷ್ಟೇ ಓಎಸ್ ಕಟ್ಕೊತಾರೆ. ಟೈಮಿಂಗ್ ಬಿಗಿಯಾಗಿರ್ಬೇಕು ಅನ್ನೋರು ವರ್ಷಾನುಗಟ್ಟಲೆ ಹೊರಗಿಂದ ಪ್ಯಾಚ್ ಹಾಕ್ತಿದ್ದ ಪ್ರೀಎಂಪ್ಟ್ ಆರ್‌ಟಿ 2024ರ 6.12 ಕರ್ನಲ್ಲಲ್ಲಿ ಮೇನ್‌ಲೈನಿಗೇ ಸೇರಿದೆ.

ಹಾಗಾಗಿ ಬೋರ್ಡ್ ತಗೊಳೋವಾಗ ಬಾಕ್ಸ್ ಮೇಲೆ ಎಷ್ಟು ಓಎಸ್ ಹೆಸರಿದೆ ಅಂತ ಎಣಿಸ್ಬೇಡಿ, ಮೇನ್‌ಲೈನ್ ಕರ್ನಲ್ ಸೋರ್ಸಲ್ಲಿ ಆ ಬೋರ್ಡಿನ ಡಿಟಿಎಸ್ (ಡಿವೈಸ್ ಟ್ರೀ) ಫೈಲ್ ಇದ್ಯಾ, ಅದ್ರಲ್ಲಿ ವೈಫೈ, ಎಚ್‌ಡಿಎಂಐ ಸೇರಿದ್ಯಾ ನೋಡಿ. ಇದ್ರೆ ಡೆಬಿಯನ್ನೋ ಇನ್ನೊಂದೋ ಆಮೇಲೆ ಯೋಚ್ನೆ ಮಾಡ್ಬಹುದು.