ಕವಿತೆ ಇತ್ತು, ಹೆಸರು ಇರಲಿಲ್ಲ

ದಾವಣಗೆರೆಯ ಮಂಡಕ್ಕಿ ಅಂಗಡಿಯೊಂದರಲ್ಲಿ ಕೂತಿದ್ದಾಗ ಗೆಳೆಯರೊಬ್ಬರು ಫೋನ್ ಮುಂದೆ ಹಿಡಿದರು. 'ಎಷ್ಟು ಚೆನ್ನಾಗಿದೆ ನೋಡಿ' ಅಂದರು. ಮುಚ್ಚಿದ ಹತ್ತಿ ಗಿರಣಿಯ ಬಗ್ಗೆ ಹನ್ನೆರಡು ಸಾಲು. ನಾನೇ ಬರೆದದ್ದು. 'ಮಂಡಕ್ಕಿ' ಅನ್ನೋದನ್ನು ಅವಸರದಲ್ಲಿ 'ಮಂಡಕಿ' ಎಂದು ಟೈಪ್ ಮಾಡಿದ್ದೆ, ಆ ತಪ್ಪೂ ಹಾಗೇ ಇತ್ತು. ಕೆಳಗಿದ್ದ ನನ್ನ ಹೆಸರು ಮಾತ್ರ ಇರಲಿಲ್ಲ. ಅಲ್ಲಿ ಇನ್ಯಾರದ್ದೋ ಹೆಸರು, ಪಕ್ಕಕ್ಕೊಂದು ಗುಲಾಬಿ ಹೂವು.

'ಆನ್‌ಲೈನ್‌ಗೆ ಹಾಕಿದ ಮೇಲೆ ಅದು ಎಲ್ಲರದ್ದೂ ಅಲ್ವಾ?' ಎಂದು ಅವರು ಕೇಳಿದರು. ಅಲ್ಲ. ಯಾವ ಕಾನೂನೂ ಹಾಗೆ ಹೇಳಿಲ್ಲ.

ಬರೆದವರ ಹೆಸರಿಗೆ ಬೆಲೆ ಕೊಡೋದು ನಮಗೆ ಹೊಸದೇನಲ್ಲ. ವಚನದ ಕೊನೆಗೆ ಅಂಕಿತ ಇರುತ್ತಿತ್ತು. ಕೂಡಲಸಂಗಮದೇವ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಓಲೆಗರಿಗೆ ನಕಲಾದರೂ, ಬಾಯಿಂದ ಬಾಯಿಗೆ ಹೋದರೂ ಗುರುತು ಸಾಲಿನೊಳಗೇ ಹೆಣೆದುಕೊಂಡಿತ್ತು.

ಅಚ್ಚಿನ ಕಾಲಕ್ಕೆ ಕಾನೂನು ಬೇಕಾಯಿತು. ಇಂಗ್ಲೆಂಡ್ 1710ರಲ್ಲೇ ಬರೆದವರಿಗೆ ಹಕ್ಕು ಕೊಟ್ಟಿತು. ನಮ್ಮಲ್ಲಿ 1847 ಮತ್ತು 1914ರ ಕಾಯ್ದೆಗಳು ಬ್ರಿಟಿಷರ ಕಾಲದವು. ಸ್ವತಂತ್ರ ಭಾರತದ ಕಾಪಿರೈಟ್ ಕಾಯ್ದೆ 1957ರದ್ದು. 1958ರ ಜನವರಿ 21ರಂದು ಜಾರಿಗೆ ಬಂತು. ಇವತ್ತಿಗೂ ಅದೇ ಇದೆ.

ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ಟ್ಯಾಗೋರರ ಹಕ್ಕು 1991ರ ಕೊನೆಗೆ ಮುಗಿಯುವುದರಲ್ಲಿತ್ತು, ಆಗ ಹತ್ತು ವರ್ಷ ಹೆಚ್ಚಿಸಿದರು. ಚಿತ್ರದುರ್ಗದ ಕಥೆಯನ್ನು ಮನೆಮನೆಗೆ ಮುಟ್ಟಿಸಿದ ತ.ರಾ.ಸು. ತೀರಿಕೊಂಡದ್ದು 1984ರಲ್ಲಿ. ಅಂದರೆ ಅವರ ಬರಹದ ಹಕ್ಕು 2044ರ ಕೊನೆಯವರೆಗೂ ಇದೆ. ಕೋಟೆಯ ಬಗ್ಗೆ ಯಾರು ಬೇಕಾದರೂ ಬರೆಯಬಹುದು, ಓಬವ್ವನ ಒನಕೆ ಎಲ್ಲರದ್ದು. ಆದರೆ ತ.ರಾ.ಸು. ಅವರ ವಾಕ್ಯಗಳನ್ನು ಎತ್ತಿಕೊಳ್ಳುವ ಹಾಗಿಲ್ಲ. ಅವರ ಕಾದಂಬರಿಗಳನ್ನು ಸ್ಕ್ಯಾನ್ ಮಾಡಿ ಗ್ರೂಪಿನಿಂದ ಗ್ರೂಪಿಗೆ ಸುಮ್ನೆ ಕಳಿಸೋದೂ ತಪ್ಪೇ. ವಿಚಾರಕ್ಕೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ.

ನನಗೆ ತುಂಬಾ ಹತ್ತಿರವಾದದ್ದು 57ನೇ ಸೆಕ್ಷನ್. ಕಾಪಿರೈಟ್ ಮಾರಿದ ಮೇಲೂ 'ಇದನ್ನು ಬರೆದದ್ದು ನಾನು' ಎಂದು ಹೇಳಿಕೊಳ್ಳುವ ಹಕ್ಕು ಬರೆದವರಲ್ಲೇ ಉಳಿಯುತ್ತದೆ. ನಮ್ಮ ಅಂಕಿತಕ್ಕೆ ಕಾನೂನಿನ ಕಾವಲು ಸಿಕ್ಕ ಹಾಗೆ.

ಇಂಟರ್ನೆಟ್‌ಗೆ ಅಂತಲೇ ದಾರಿ ತೆರೆದದ್ದು 2012ರ ತಿದ್ದುಪಡಿ, ಮರುವರ್ಷದ ನಿಯಮಗಳು. ಜಾಲತಾಣಕ್ಕೆ ಲಿಖಿತ ದೂರು ಕೊಡಬೇಕು. ದೂರು ಸರಿ ಎನಿಸಿದರೆ ಅವರು 36 ಗಂಟೆಯೊಳಗೆ ಆ ಬರಹ ಕಾಣದ ಹಾಗೆ ಮಾಡಬೇಕು. ಆದರೆ 21 ದಿನದೊಳಗೆ ನಾವು ಕೋರ್ಟ್ ಆದೇಶ ತರದಿದ್ದರೆ ಅದನ್ನು ಮತ್ತೆ ತೆರೆಯಬಹುದು. ಒಂದು ಕವಿತೆಗಾಗಿ ಯಾರು ಕೋರ್ಟಿಗೆ ಹೋಗುತ್ತಾರೆ? ಇಲ್ಲೇ ಹೆಚ್ಚಿನವರು ಸೋಲುತ್ತಾರೆ. ಒಂದು ಸಮಾಧಾನ ಇದೆ. 62ನೇ ಸೆಕ್ಷನ್ ಪ್ರಕಾರ ಬರೆದವರು ತಾವಿರುವ ಜಿಲ್ಲೆಯ ಕೋರ್ಟಿನಲ್ಲೇ ದಾವೆ ಹೂಡಬಹುದು, ಕದ್ದವರ ಊರಿಗೆ ಅಲೆಯಬೇಕಿಲ್ಲ.

ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಮೊದಲ ಕರಡು ಇತ್ತು. ಅದರ ಫೋಟೊ ಇಟ್ಟು ದೂರು ಕಳಿಸಿದೆ. ಎರಡನೇ ದಿನ ಆ ಪೋಸ್ಟ್ ಇಳಿಯಿತು. ಗೆಳೆಯರ ಫೋನಿನಲ್ಲಿ ಮಾತ್ರ ಗುಲಾಬಿ ಹೂವಿನ ಜೊತೆ ಇನ್ನೂ ಹಾಗೇ ಇದೆ.