ಮೊದಲ ಫೋನು ಯಾರಿಗೆ?

ಶಾರ್ಜಾದಲ್ಲಿ ಹುಡುಗನನ್ನು ಪೊಲೀಸರು ಹಿಡಿದಿದ್ದಾರೆ ಎಂಬ ಸುದ್ದಿ ಬಂದ ಕೂಡಲೇ ಮುಂಬಯಿಯ ನಮ್ಮವರು ಫೋನು ಮಾಡುವುದು ಸಂಘದ ಅಧ್ಯಕ್ಷರಿಗೆ. ಅಲ್ಲಿಂದ ನಗರಸೇವಕರಿಗೆ, ಅವರಿಂದ ಶಾಸಕರಿಗೆ. ವಕೀಲನಾದ ನನ್ನ ಹತ್ತಿರ ಬರುವಷ್ಟರಲ್ಲಿ ಎಷ್ಟೋ ಹೊತ್ತು ಹೋಗಿರುತ್ತದೆ. ಶಾರ್ಜಾ ಬರುವುದು ದುಬೈಯಲ್ಲಿರುವ ನಮ್ಮ ಸರ್ಕಾರದ ಕಚೇರಿಯಾದ ಭಾರತೀಯ ಕಾನ್ಸುಲೇಟ್‌ ವ್ಯಾಪ್ತಿಗೆ. ಅಲ್ಲಿಗೆ ಮಾತ್ರ ಯಾರೂ ತಿಳಿಸಿರುವುದಿಲ್ಲ.

ಪೊಲೀಸರೇ ತಿಳಿಸ್ತಾರಲ್ವಾ ಎಂದು ಕೇಳುತ್ತಾರೆ. ತೊಡಕಿರುವುದೇ ಅಲ್ಲಿ. ಕಾನ್ಸುಲೇಟ್‌ಗಳ ಕುರಿತ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯ ಪ್ರಕಾರ, ಬಂಧಿತ ಕೇಳಿಕೊಂಡರೆ ಪೊಲೀಸರು ತಡಮಾಡದೆ ಅವನ ದೇಶದ ಕಾನ್ಸುಲೇಟ್‌ಗೆ ತಿಳಿಸಬೇಕು. ಈ ಹಕ್ಕಿದೆ ಎಂದು ಅವನಿಗೆ ಹೇಳಲೂಬೇಕು. ಪಾಕಿಸ್ತಾನದಲ್ಲಿ ಬಂಧಿತನಾದ ಭಾರತೀಯ ಕುಲಭೂಷಣ ಜಾಧವ್ ಪ್ರಕರಣದಲ್ಲಿ ಪಾಕಿಸ್ತಾನ ತಪ್ಪು ಮಾಡಿದೆ ಎಂದು 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿದ್ದು ಇದೇ ವಿಧಿಯ ಮೇಲೆ. ನಮ್ಮ ಹುಡುಗರೋ, ಊರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ ಎಂದು ಬಾಯಿಯೇ ಬಿಡುವುದಿಲ್ಲ.

ಕಾನ್ಸುಲೇಟಿನವರು ಜೈಲಿಗೆ ಹೋಗಿ ಮಾತಾಡಿಸಬಹುದು, ವಕೀಲರನ್ನು ಗೊತ್ತುಮಾಡಿಕೊಡಬಹುದು. ಕೇಸು ಕೈಬಿಡಿಸುವುದು ಅವರ ಕೈಯಲ್ಲಿಲ್ಲ. ಆಸ್ಪತ್ರೆ ಬಿಲ್ಲನ್ನೂ ಸುಮ್ನೆ ಕಟ್ಟುವುದಿಲ್ಲ. 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ, ನಿಜ. ಅದು ತೀರಾ ಕೈಲಾಗದವರಿಗೆ, ಪರಿಸ್ಥಿತಿ ನೋಡಿ ಕೊಡುವ ಹಣ. ಸಿಂಗಾಪುರ ನೋಡಲು ಹೊರಟವರು ಪ್ರಯಾಣ ವಿಮೆಯನ್ನೇ ನೆಚ್ಚಿಕೊಳ್ಳಬೇಕು.

ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ದೂರಿನ ಪ್ರತಿ ಹಿಡಿದು ಎಮರ್ಜೆನ್ಸಿ ಸರ್ಟಿಫಿಕೇಟ್ ಕೇಳಬಹುದು. ಅದು ಭಾರತಕ್ಕೆ ಮರಳಲು ಮಾತ್ರ. ಉಳಿದ ಟೂರು ಅಲ್ಲಿಗೇ ಮುಗಿಯಿತು.

ಇನ್ನು ಕಾನ್ಸುಲೇಟಿಗೆ ಬರೆಯುವ ಇಮೇಲ್. 'ಹೇಗಾದರೂ ಬಿಡಿಸಿಕೊಡಿ ಸ್ವಾಮಿ' ಎಂದು ಎರಡು ಪುಟ ಬರೆದು, ಪಾಸ್‌ಪೋರ್ಟ್ ನಂಬರನ್ನೇ ಹಾಕದ ಪತ್ರಗಳನ್ನು ಬೇಕಾದಷ್ಟು ನೋಡಿದ್ದೇನೆ. ಹೆಸರು, ಪಾಸ್‌ಪೋರ್ಟ್ ನಂಬರು, ಯಾವ ಠಾಣೆ ಅಥವಾ ಆಸ್ಪತ್ರೆ, ಕೆಲಸ ಕೊಟ್ಟ ಕಂಪನಿ, ಮನೆಯವರ ಫೋನು. ಐದು ಸಾಲು ಸಾಕು. ಹುಡುಗ ಹೊರಡುವ ಮೊದಲೇ ಪಾಸ್‌ಪೋರ್ಟಿನ ಮೊದಲ ಪುಟದ ಜೊತೆ ಕೊನೆಯ ಪುಟದ ಫೋಟೋವನ್ನೂ ತೆಗೆದಿಟ್ಟುಕೊಳ್ಳಿ. ಬಹಳಷ್ಟು ಪಾಸ್‌ಪೋರ್ಟ್‌ಗಳಲ್ಲಿ ಅಪ್ಪ ಅಮ್ಮನ ಹೆಸರಿರುವುದು ಅಲ್ಲೇ. ಕೇಳುತ್ತಿರುವವರು ಮನೆಯವರೇ ಎಂದು ತೋರಿಸಲು ಅನುಕೂಲ.

ಇದನ್ನೇ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲೂ ಹಾಕಿ. ಡೊಂಬಿವಲಿಯ ಮನೆಯಲ್ಲಿ ಕೂತೇ ಹಾಕಬಹುದು. ದೂರಿಗೊಂದು ನಂಬರು ಸಿಗುತ್ತದೆ. ಶಾಸಕರ ಪತ್ರ ತಂದೇ ತರುತ್ತೇವೆ ಎನ್ನುವವರು ಅದರಲ್ಲೂ ಆ ನಂಬರು ಬರೆಸಿ. ಇಲ್ಲದಿದ್ದರೆ ಅದೊಂದು ಹೊಸ ಅರ್ಜಿಯಾಗಿ ಇನ್ಯಾರದೋ ಮೇಜಿನ ಮೇಲೆ ಕೂರುತ್ತದೆ.