ಕಾಫಿ ಕುಡಿದಾಗ ಆಯಾಸ ಎಲ್ಲಿಗೆ ಹೋಗುತ್ತದೆ?

ಹಾಲು, ಸಕ್ಕರೆ ಬೆರೆಸದ ಒಂದು ಲೋಟ ಕಾಫಿಯಲ್ಲಿರುವುದು ಎರಡೋ ಮೂರೋ ಕ್ಯಾಲರಿ. ಎರಡು ನಿಮಿಷ ಸುಮ್ಮನೆ ಕುಳಿತಿದ್ದರೂ ದೇಹ ಅಷ್ಟನ್ನು ಖರ್ಚು ಮಾಡಿಬಿಡುತ್ತದೆ. ಆದರೂ ‘ಕಾಫಿ ಕುಡಿದರೆ ಶಕ್ತಿ ಬರುತ್ತದೆ’ ಎಂದು ಓದಿಕೊಂಡವರೂ ಹೇಳುವುದನ್ನು ಕೇಳಿದಾಗ ನನಗೆ ತಡೆಯಲಾಗುವುದಿಲ್ಲ. ಶಕ್ತಿ ಬರುವುದಿಲ್ಲ. ಕಾಫಿ ಮಾಡುವ ಕೆಲಸವೇ ಬೇರೆ, ಅದು ಇದಕ್ಕಿಂತ ಎಷ್ಟೋ ಸ್ವಾರಸ್ಯದ್ದು.

ಜೀವಕೋಶಗಳ ಇಂಧನವಾದ ಎಟಿಪಿ ಖರ್ಚಾಗುತ್ತಾ ಹೋದಂತೆ ಅದರ ತುಣುಕಾದ ಅಡಿನೋಸಿನ್ ಮಿದುಳಿನಲ್ಲಿ ಸೇರಿಕೊಳ್ಳುತ್ತದೆ. ಎಚ್ಚರವಾಗಿದ್ದಷ್ಟು ಹೊತ್ತೂ ಇದು ಏರುತ್ತಲೇ ಇರುತ್ತದೆ. ನರಕೋಶಗಳ ಮೇಲೆ ಇದಕ್ಕೆಂದೇ ಗ್ರಾಹಕಗಳಿವೆ. ಅಡಿನೋಸಿನ್ ಅಲ್ಲಿ ಬಂದು ಕುಳಿತರೆ ಕೋಶದ ಚಟುವಟಿಕೆ ತಗ್ಗುತ್ತದೆ, ನಮಗೆ ಜೋಂಪು ಹತ್ತುತ್ತದೆ. ಕಾಫಿಯಲ್ಲಿರುವ ಕೆಫೀನ್ ಎಂಬ ವಸ್ತುವಿನ ಅಣುವಿನಲ್ಲಿರುವ ಜೋಡಿ ಉಂಗುರದ ರಚನೆ ಅಡಿನೋಸಿನ್‌ನಲ್ಲಿರುವುದನ್ನೇ ಹೋಲುತ್ತದೆ. ಆ ಹೋಲಿಕೆಯ ಬಲದಿಂದಲೇ ಅದು ಅದೇ ಗ್ರಾಹಕಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ಆದರೆ ಅಡಿನೋಸಿನ್ ಮಾಡುವ ಕೆಲಸ ಮಾಡುವುದಿಲ್ಲ.

ಕುರ್ಚಿಯ ಮೇಲೆ ಯಾರೋ ಚೀಲ ಇಟ್ಟು ಹೋಗಿದ್ದಾರೆ ಎಂದುಕೊಳ್ಳಿ. ಚೀಲ ಕುಳಿತು ಮಾತನಾಡುವುದಿಲ್ಲ, ಆದರೆ ಕೂರಬೇಕಾದವರು ನಿಂತೇ ಇರಬೇಕು. ಅಥವಾ ಬೀಗದೊಳಗೆ ಹೋಗಿಯೂ ತಿರುಗದ ಕೀಲಿಯನ್ನು ನೆನೆಯಿರಿ: ಅದು ಇರುವವರೆಗೆ ನಿಜವಾದ ಕೀಲಿಗೆ ಜಾಗವಿಲ್ಲ. ಮುಚ್ಚಿದ ಬಾಗಿಲಿನ ಹೋಲಿಕೆ ನನಗೆ ಇನ್ನೂ ಹೆಚ್ಚು ಇಷ್ಟ. ‘ದಣಿದಿದ್ದೀಯೆ’ ಎಂಬ ಪತ್ರಗಳು ಬರುತ್ತಲೇ ಇರುತ್ತವೆ, ಒಳಗೆ ತಲುಪದೆ ಹೊಸ್ತಿಲಲ್ಲಿ ರಾಶಿ ಬೀಳುತ್ತವೆ. ಕೆಫೀನ್ ಜಾಗ ಬಿಟ್ಟ ಮೇಲೆ ಆ ರಾಶಿಯೆಲ್ಲ ಒಮ್ಮೆಗೇ ಒಳನುಗ್ಗುತ್ತದೆ. ಆಯಾಸ ಎಲ್ಲಿಗೂ ಹೋಗಿರಲಿಲ್ಲ.

ಈ ಗುಣವನ್ನು ಮೊದಲು ಚೆನ್ನಾಗಿ ಬಳಸಿಕೊಂಡವರು 15ನೇ ಶತಮಾನದ ಯೆಮನ್ನಿನ ಸೂಫಿಗಳು. ರಾತ್ರಿಯ ಪ್ರಾರ್ಥನೆಗೆ ಎಚ್ಚರವಾಗಿರಲು ಅವರು ಕಾಫಿ ಕುಡಿಯುತ್ತಿದ್ದರು. ಇಥಿಯೋಪಿಯಾದ ಕಾಲ್ಡಿ ಎಂಬ ಕುರುಬನ ಆಡುಗಳು ಕಾಫಿ ಹಣ್ಣು ತಿಂದು ಕುಣಿದ ಕಥೆ ಎಲ್ಲರಿಗೂ ಪ್ರಿಯ. ಗಿಡದ ತವರು ಇಥಿಯೋಪಿಯಾ ಎಂಬುದು ನಿಜ, ಆದರೆ ಕುಣಿದ ಆಡುಗಳು ಬರಹದಲ್ಲಿ ಕಾಣಿಸಿಕೊಳ್ಳುವುದು 1671ರಲ್ಲಿ. ಅದನ್ನು ಇತಿಹಾಸವೆಂದು ಮತ್ತೆ ಮತ್ತೆ ಬರೆಯುವುದನ್ನು ನಿಲ್ಲಿಸಬೇಕು.

ಎಚ್ಚರವಾಗಿ ಕುಳಿತು ಮಾತನಾಡುವ ಜನರನ್ನು ಕಂಡರೆ ಆಳುವವರಿಗೆ ದಿಗಿಲು. 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ಕಾಫಿಯನ್ನು ನಿಷೇಧಿಸಿದ. ಕೈರೋದಲ್ಲಿದ್ದ ಸುಲ್ತಾನ ಆ ಆಜ್ಞೆಯನ್ನು ಎತ್ತಿಹಿಡಿಯಲಿಲ್ಲ. 1675ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಕಾಫಿಗೃಹಗಳನ್ನು ಮುಚ್ಚಲು ಹೊರಟ, ಹದಿನೈದು ದಿನ ತುಂಬುವ ಮೊದಲೇ ಆಜ್ಞೆಯನ್ನು ಹಿಂದಕ್ಕೆ ಪಡೆದ. ಕೆಫೀನ್ ಬೇರ್ಪಟ್ಟ ಬಗೆಯಂತೂ ಹೇಳಲೇಬೇಕಾದದ್ದು. 1819ರಲ್ಲಿ ಫ್ರೀಡ್ಲೀಬ್ ರುಂಗೆ ಎಂಬ 25 ವರ್ಷದ ರಸಾಯನಶಾಸ್ತ್ರಜ್ಞ ಒಂದು ಬೆಕ್ಕನ್ನು ಹಿಡಿದುಕೊಂಡು ಕವಿ ಗಯಟೆಯ ಬಳಿಗೆ ಹೋದ. ಬೆಲಡೋನ ಗಿಡದ ರಸ ಕಣ್ಣಿನ ಪಾಪೆಯನ್ನು ಹಿಗ್ಗಿಸುವುದನ್ನು ಆ ಬೆಕ್ಕಿನ ಕಣ್ಣಿನಲ್ಲಿ ತೋರಿಸಿದ. ಮೆಚ್ಚಿದ ಗಯಟೆ ಅವನ ಕೈಗೆ ಕಾಫಿ ಬೀಜಗಳನ್ನಿಟ್ಟು, ಇವನ್ನೂ ಪರೀಕ್ಷಿಸಿ ನೋಡು ಎಂದ. ಆ ಬೀಜಗಳಿಂದ ಕೆಫೀನ್ ಹೊರಬಂತು.

ದಿನವೂ ಕುಡಿಯುವವರ ಮಿದುಳು ಸುಮ್ಮನಿರುವುದಿಲ್ಲ, ಕೆಫೀನ್ ಇದ್ದರೂ ತನ್ನ ಕೆಲಸ ನಡೆಯುವಂತೆ ಹೊಂದಿಕೊಳ್ಳುತ್ತದೆ. ಹಾಗಾಗಿ ಒಂದು ದಿನ ಕಾಫಿ ತಪ್ಪಿದರೆ ಅಡಿನೋಸಿನ್‌ನ ಪ್ರಭಾವ ಎಂದಿಗಿಂತ ಹೆಚ್ಚು. ಅದು ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ತಲೆ ಸಿಡಿಯುತ್ತದೆ. ಇದಕ್ಕೆ ಬಿಸಿಲನ್ನೋ ದೃಷ್ಟಿಯನ್ನೋ ದೂರುತ್ತಾ ದೃಷ್ಟಿ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೊನೆಯ ಲೋಟ ಕುಡಿದು 12ರಿಂದ 24 ಗಂಟೆಗಳಲ್ಲಿ ಶುರುವಾಗುವ ಈ ನೋವು ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ.

ರಕ್ತದಲ್ಲಿರುವ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದರೆ ರಾತ್ರಿ ಹತ್ತಕ್ಕೆ ಅರ್ಧ, ಬೆಳಗಿನ ಜಾವ ಮೂರಕ್ಕೆ ಕಾಲು ಭಾಗ ಉಳಿದಿರುತ್ತದೆ. ಧೂಮಪಾನಿಗಳಲ್ಲಿ ಬೇಗ ಕರಗುತ್ತದೆ, ಗರ್ಭಿಣಿಯರಲ್ಲಿ ಬಹಳ ನಿಧಾನ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಮಿತಿ ಹೇಳಿದರೆ, ಗರ್ಭಿಣಿಯರಿಗೆ ಹೇಳಿರುವುದು 200.

ಇನ್ನು ಕ್ಯಾನ್ಸರ್ ಭಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1991ರಲ್ಲಿ ಕಾಫಿಯನ್ನು ಮೂತ್ರಕೋಶದ ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಗೆ ಸೇರಿಸಿತ್ತು. 2016ರಲ್ಲಿ ಸಾಕಷ್ಟು ಆಧಾರವಿಲ್ಲವೆಂದು ತೆಗೆದುಹಾಕಿತು. ಅದೇ ವರದಿ ಬೊಟ್ಟುಮಾಡಿದ್ದು ಬಿಸಿಯ ಕಡೆಗೆ: ಕಾಫಿಯಾಗಲಿ, ಚಹಾ ಆಗಲಿ, 65 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಇರುವಾಗ ಕುಡಿಯುವ ರೂಢಿ ಅನ್ನನಾಳದ ಕ್ಯಾನ್ಸರ್‌ಗೆ ಕಾರಣವಾಗುವ ಸಂಭವವಿದೆ. ಕುದಿಯುತ್ತಿರುವುದನ್ನು ಹಾಗೆಯೇ ಗುಟುಕರಿಸಬೇಡಿ, ಕೆಲವು ನಿಮಿಷ ಆರಲು ಬಿಡಿ.